ಅತ್ತೆಯ ಕಲ್ಲು

ನನ್ನ ಗಂಡ ಮಣ್ಣಾಗಿ ಎರಡೇ ತಿಂಗಳಿಗೆ ನೆಗ್ಗಿಲು ಮುಳ್ಳಿನ ಬಳ್ಳಿಯಾಗಿ ಬಂದ. ಬದುಕಿದ್ದಾಗಲೂ ಅವನು ಹಾಗೇ ಇದ್ದ: ನೆಲಕ್ಕೆ ಅಂಟಿಕೊಂಡು ಬಿದ್ದಿರುವುದು, ಹತ್ತಿರ ಹೋದವರ ಕಾಲಿಗೆ ಚುಚ್ಚುವುದು. ಅತ್ತೆ ಬಗ್ಗಿ ನೋಡಿ, "ಅಲ್ಲಿಗೆ ಹೋದ್ರೂ ಬುದ್ಧಿ ಬರ್ಲಿಲ್ವಲ್ಲೇ ನನ್ನ ಮಗನಿಗೆ," ಎಂದು ಹಣೆ ಚಚ್ಚಿಕೊಂಡರು. ಒಂಬತ್ತು ದಿನ ಕಳೆದ ಮೇಲೆ ಮಸಣದ ಬಾಗಿಲಲ್ಲಿ ನಿಂತು ಅವನ ಹೆಸರನ್ನು ಮೂರು ಸಲ ಕೂಗಿದರು. ಊರಿನವರು ಬಂದರು. ಅವನು ಯಾರಿಗೆ ಎಂಥ ಸುಳ್ಳು ಹೇಳಿದ್ದ, ಯಾರ ಕೋಳಿ ಹಿಡಿದು ಯಾರ ಮನೆಯಲ್ಲಿ ಸಾರು ಮಾಡಿಸಿದ್ದ, ಎಲ್ಲವನ್ನೂ ಹೇಳಿಕೊಂಡು ಹೊತ್ತು ಇಳಿಯುವವರೆಗೂ ನಕ್ಕರು. ನಾನೂ ನಕ್ಕೆ. ಎರಡು ತಿಂಗಳಿಂದ ಉರಿಯುತ್ತಿದ್ದ ಹೊಟ್ಟೆ ಆವತ್ತು ತಣ್ಣಗಾಯಿತು.

ನಮ್ಮೂರಿನಲ್ಲಿ ಸತ್ತವರು ಹೀಗೆಯೇ ಬರುವುದು. ಮಣ್ಣು ಮಾಡಿದ ಮೇಲೆ ಗುಡ್ಡೆಯ ತಲೆಯ ಕಡೆಗೆ ಒಂದು ಬೋಳು ಕಲ್ಲು ನಿಲ್ಲಿಸುತ್ತೇವೆ. ಅದರ ಮೇಲೆ ಏನೂ ಬರೆಯುವುದಿಲ್ಲ. ಯಾರೂ ಅಲ್ಲಿ ಗಿಡ ನೆಡುವಂತಿಲ್ಲ, ಕಾಳು ಚೆಲ್ಲುವಂತಿಲ್ಲ. ಆಮೇಲೆ ಒಂದು ದಿನ ಏನೋ ಒಂದು ತಾನಾಗಿ ಬರುತ್ತದೆ. ಗಿಡವೋ, ಹುಳವೋ, ಹಕ್ಕಿಯೋ, ಹೇಳಲಿಕ್ಕೆ ಬರುವುದಿಲ್ಲ. ಬಂದದ್ದು ಒಂಬತ್ತು ದಿನ ಅಲ್ಲೇ ನಿಂತರೆ ಅದು ಆ ಮನುಷ್ಯನೇ. ಮಸಣ ಕಾಯುವವರು ಬಾಗಿಲಿಗೆ ಬಂದು ಹೆಸರು ಕೂಗುತ್ತಾರೆ, ಊರು ಬಂದು ಮಾತಾಡುತ್ತದೆ. ಅಲ್ಲಿಯವರೆಗೆ ಸತ್ತವರ ಹೆಸರು ಯಾರ ನಾಲಿಗೆಯ ಮೇಲೂ ಬರಕೂಡದು. ಅವರ ಸುದ್ದಿಯನ್ನೇ ಎತ್ತಕೂಡದು. ಮೂರು ಮಳೆಗಾಲ ಕಾಯುತ್ತೇವೆ. ಮೂರೂ ಕಳೆದು ಏನೂ ಬಾರದೇ ಹೋದರೆ ಕಲ್ಲನ್ನು ಕಿತ್ತು, ಗೋಡೆಯ ಬುಡಕ್ಕೆ ಒಯ್ದು, ಮುಖ ಮಣ್ಣಿಗೆ ಮಾಡಿ ಮಲಗಿಸುತ್ತೇವೆ. ಆ ಹೆಸರು ಅಲ್ಲಿಗೆ ಮುಗಿಯಿತು. ಮತ್ತೆಂದೂ ಯಾರೂ ಅದನ್ನು ಆಡುವುದಿಲ್ಲ, ಹೆತ್ತವರೂ ಕೂಡ.

ಹೀಗಾಗಿ ನಮ್ಮ ಮಸಣದಲ್ಲಿ ಇರುವಷ್ಟು ಜೀವ ಊರಿನ ಯಾವ ಹೊಲದಲ್ಲೂ ಇಲ್ಲ. ಬಂದದ್ದನ್ನು ಕೀಳುವಂತಿಲ್ಲ, ಓಡಿಸುವಂತಿಲ್ಲ. ಉತ್ತರಾಣಿ, ಲಕ್ಕಿ, ತಂಗಡಿ, ನೆಲನೆಲ್ಲಿ, ಸೊಗದೆ ಬೇರು, ಅಮೃತಬಳ್ಳಿ, ಹೊಲದಲ್ಲಿ ಔಷಧ ಹೊಡೆದು ಹಾಳು ಮಾಡಿದ ಕಳೆಯೆಲ್ಲ ನಮ್ಮಲ್ಲಿ ಸೊಂಟದುದ್ದ ನಿಂತಿದೆ. ಕನ್ನಡ ಶಾಲೆಯ ಮೇಷ್ಟರು ಕಣಜದ ಗೂಡಾಗಿ ಬಂದರು. ಅವರ ಕಡೆ ಈಗಲೂ ಯಾರೂ ಜೋರಾಗಿ ಮಾತಾಡುತ್ತಾ ಹೋಗುವುದಿಲ್ಲ. ಊರಿಗೆಲ್ಲ ಹೆರಿಗೆ ಮಾಡಿಸಿದ ಮುದುಕಿ ಶತಾವರಿಯಾಗಿ ಬಂದು, ಬುಡದಲ್ಲಿ ಎಷ್ಟು ಬೇರು ಬಿಟ್ಟಿದ್ದಾಳೋ ಅವಳಿಗೇ ಗೊತ್ತು. ಬಳೆ ತೊಡಿಸುತ್ತಿದ್ದವಳು ಗೌರಿ ಹೂವಿನ ಬಳ್ಳಿ. ಜಗಳಗಂಟ ದರ್ಜಿ ಓತಿಕೇತನಾಗಿ ತನ್ನ ಕಲ್ಲಿನ ಮೇಲೆ ಕೂತು ಹೋಗಿ ಬರುವವರಿಗೆಲ್ಲ ತಲೆ ಆಡಿಸುತ್ತಾನೆ. ಮದುವೆ ಮಾತುಕತೆಗೆ ಹೋದವರು ನಮ್ಮಲ್ಲಿ ಮೊದಲು ಕೇಳುವುದೇ, "ನಿಮ್ಮ ತಾತ ಏನಾಗಿ ಬಂದ್ರು?" ಎಂದು. ಕಳ್ಳಿಯಾಗಿ ಬಂದ ಮನೆಗೆ ಹೆಣ್ಣು ಕೊಡಲು ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ.

ಈ ಮಸಣದ ಕಾವಲು ನಮ್ಮ ಅತ್ತೆಯ ಮನೆತನದ್ದು. ಗೋಡೆಗೆ ಹೊಂದಿಕೊಂಡೇ ನಮ್ಮ ಮನೆ. ಗಂಡ ಹೋದ ಮೇಲೆ ಹದಿನಾರು ವರ್ಷ ನಾವಿಬ್ಬರೇ ಇದ್ದೆವು, ಅವರು ಬೈಯುವುದು, ನಾನು ಬೈಸಿಕೊಳ್ಳುವುದು. ಅತ್ತೆಗೆ ಎರಡು ವಿಷಯ ಚೆನ್ನಾಗಿ ಗೊತ್ತಿತ್ತು. ಒಂದು, ಎಲೆಯ ತುದಿ ನೋಡಿ ಇದು ಯಾವ ಗಿಡ, ಇದು ನಿಲ್ಲುತ್ತದೋ ಒಣಗುತ್ತದೋ ಎಂದು ಹೇಳುವುದು. ಇನ್ನೊಂದು, ಕೊಳೆ ಎಲ್ಲಿ ಅಡಗಿದೆ ಎಂದು ಕಂಡುಹಿಡಿಯುವುದು. ನಾನು ಅಂಗಳ ಗುಡಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, "ಆ ಮೂಲೇನ ಯಾರು ಗುಡಿಸ್ತಾರೆ? ನಿಮ್ಮಪ್ಪ ಬರ್ತಾನಾ?" ಎನ್ನುತ್ತಿದ್ದರು. ತೊಳೆದಿಟ್ಟ ಚೊಂಬನ್ನು ಮೂಸಿ ನೋಡಿ ಮತ್ತೆ ತೊಳೆಯಲು ಹಾಕುತ್ತಿದ್ದರು. ಇದು ಮನೆಗೆ ಮುಗಿಯುತ್ತಿರಲಿಲ್ಲ. ಗಿಡ ಮುಟ್ಟುವಂತಿಲ್ಲ ಸರಿ, ಕಲ್ಲು ತೊಳೆಯಬಾರದು ಎಂದು ಯಾವ ಕಟ್ಟಳೆಯೂ ಇಲ್ಲವಲ್ಲ. ವಾರಕ್ಕೊಂದು ದಿನ ತೆಂಗಿನ ನಾರು, ಇಟ್ಟಿಗೆ ಪುಡಿ ಹಿಡಿದು ಒಂದೊಂದೇ ಕಲ್ಲನ್ನು ತಿಕ್ಕುತ್ತಿದ್ದರು. ನಾನು ಹಿಂದೆ ಹಿಂದೆ ಕೊಡದಲ್ಲಿ ನೀರು ಹೊತ್ತುಕೊಂಡು ಹೋಗಿ ಹೊಯ್ಯುತ್ತಿದ್ದೆ. "ಕಲ್ಲು ಅಂದ್ರೆ ಅವರ ಮುಖ ಕಣೇ. ಮುಖ ತೊಳೀದೆ ಯಾರಾದ್ರೂ ನಾಲ್ಕು ಜನದ ಮುಂದೆ ಕೂರ್ತಾರಾ?" ಎನ್ನುತ್ತಿದ್ದರು. ಅತ್ತೆ ಕಾವಲಿಗೆ ಬಂದ ಮೇಲೆ ನಮ್ಮ ಮಸಣದ ಒಂದು ಕಲ್ಲಿನ ಮೇಲೂ ಪಾಚಿ ಕಂಡವರಿಲ್ಲ. ಪಕ್ಕದ ಊರಿನವರು ನೋಡಿ ಹೊಗಳಿ ಹೋಗುತ್ತಿದ್ದರು.

ಅಂಥ ಅತ್ತೆ ಒಂದು ಬೇಸಗೆಯಲ್ಲಿ, ತೊಳೆದ ಅಂಗಳದಲ್ಲಿ, ತೊಳೆದ ಸೀರೆ ಉಟ್ಟುಕೊಂಡು, ಕೂತಲ್ಲೇ ಹೋದರು. ಅವರ ಗುಡ್ಡೆಯನ್ನು ನಾನೇ ಮುಂದೆ ನಿಂತು ಮಾಡಿಸಿದೆ. ಕಲ್ಲನ್ನು ಆರಿಸಿ ತಂದೆ, ಕಪ್ಪು ಕಲ್ಲು, ಒಂದು ಗೆರೆ ಸಹ ಇಲ್ಲದ್ದು. ಅವರು ಬರುವುದು ಎಷ್ಟು ಹೊತ್ತು, ಆರಿದ್ರ ಮಳೆ ಬಿದ್ದ ಕೂಡಲೇ ಬರುತ್ತಾರೆ ಎಂದುಕೊಂಡೆ. ಏನಾಗಿ ಬರುತ್ತಾರೆ ಎಂಬುದೂ ನನ್ನ ಮನಸ್ಸಿನಲ್ಲಿ ಖಚಿತವಾಗಿತ್ತು: ಒಂದೋ ಕಸ ಎತ್ತುವ ಇರುವೆ, ಇಲ್ಲವೋ ಪೊರಕೆ ಕಡ್ಡಿ.

ಮೊದಲ ಮಳೆಗಾಲ ಹೋಯಿತು. ಹಸ್ತ, ಚಿತ್ತೆ, ಸ್ವಾತಿ, ಒಂದೊಂದಾಗಿ ಸುರಿದು ಹೋದವು. ಸುತ್ತ ನಾಲ್ಕೂ ಕಡೆ ಹಸುರು ಕೊಬ್ಬಿ ನಿಂತಿತು, ನನ್ನ ಗಂಡ ಹಳದಿ ಹೂ ಬಿಟ್ಟುಕೊಂಡು ಪಕ್ಕದ ಎರಡು ಗುಡ್ಡೆಯವರೆಗೂ ಹರಿದ. ಅತ್ತೆಯ ಗುಡ್ಡೆ ಮಾತ್ರ ಒರೆಸಿದ ಮಣೆಯಂತೆ ಬೋಳಾಗಿತ್ತು. ನಾನು ದಿನಾ ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೇ ಹೋಗುತ್ತಿದ್ದೆ. ಗುಡ್ಡೆ ಗುಡಿಸಿ, ನೀರು ಚಿಮುಕಿಸಿ, ಕಲ್ಲನ್ನು ತಿಕ್ಕಿ ತೊಳೆದು ಬರುತ್ತಿದ್ದೆ. ಉಳಿದವರ ಕಲ್ಲಿಗೆ ವಾರಕ್ಕೊಂದು ಸಲ, ಅತ್ತೆಯ ಕಲ್ಲಿಗೆ ದಿನಕ್ಕೊಂದು ಸಲ. ಬಿಡಲಿಕ್ಕೆ ಧೈರ್ಯವಿರಲಿಲ್ಲ. ಅವರು ಬಂದ ದಿನ ಸುತ್ತ ಕಸ ಬಿದ್ದಿದ್ದರೆ ಬಂದ ದಾರಿಯಲ್ಲೇ ವಾಪಸು ಹೋಗುವ ಪೈಕಿ ಅವರು.

ಅವರಿಲ್ಲದ ಮನೆಯ ಬಗ್ಗೆ ಏನು ಹೇಳಲಿ. ಬೈಗುಳ ಇಲ್ಲದೆ ಮನೆ ಕಿವುಡಾದ ಹಾಗಿತ್ತು. ಅಂಗಳ ಗುಡಿಸಿ ಮೂಲೆ ಬಿಟ್ಟು ನಿಲ್ಲುತ್ತಿದ್ದೆ, ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು. ಯಾರೂ ಅನ್ನುತ್ತಿರಲಿಲ್ಲ. ಕೊನೆಗೆ ನಾನೇ ಹೋಗಿ ಆ ಮೂಲೆಯನ್ನು ಗುಡಿಸುತ್ತಿದ್ದೆ. ಹೊರಗೆ ಯಾರ ಮುಂದೆಯೂ ಬಾಯಿ ಬಿಡುವಂತಿರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಸೋಪಿನ ಪುಡಿ ಕೊಳ್ಳುವಾಗ, "ನಮ್ಮತ್ತೆ ಇದನ್ನ ಮುಟ್ತಾನೇ ಇರ್ಲಿಲ್ಲ..." ಎಂದು ಬಾಯಿ ತಪ್ಪಿ ಬಂತು. ಅಂಗಡಿಯವನು ತಕ್ಕಡಿ ನೋಡತೊಡಗಿದ. ಪಕ್ಕದಲ್ಲಿದ್ದ ಹೆಂಗಸು, "ಬದನೆಕಾಯಿ ಈ ಸಲ ಭಾರಿ ಹುಳುಕು ಕಣವ್ವ," ಎಂದಳು. ತಪ್ಪು ಅವರದಲ್ಲ. ನಾನೂ ಎಷ್ಟು ಜನರ ಮುಂದೆ ಬದನೆಕಾಯಿ ಮಾತಾಡಿದ್ದೆನೋ.

ಗೋಡೆಯ ಆಚೆಯ ಮನೆ ಚೆಲುವಾಜಕ್ಕನದು. ನನಗಿಂತ ಏಳೆಂಟು ವರ್ಷ ದೊಡ್ಡವಳು. ದಿನಾ ಗೋಡೆಯ ಮೇಲಿಂದ ಒಂದು ಲೋಟ ಮಜ್ಜಿಗೆ ಚಾಚುವಳು, ಒಂದಷ್ಟು ಹೊತ್ತು ಅದೂ ಇದೂ ಮಾತಾಡುವಳು. ನನ್ನ ಜೊತೆ ದಿನಕ್ಕೆ ನಾಲ್ಕು ಮಾತಾಡುತ್ತಿದ್ದವಳು ಅವಳೊಬ್ಬಳೇ. ಅವಳ ಅಣ್ಣನ ಕಲ್ಲು ಗೋಡೆಯ ಬುಡದಲ್ಲಿ ಬೋರಲು ಬಿದ್ದಿತ್ತು. ಅಲ್ಲಿ ಬಿದ್ದಿದ್ದವು ನಾಲ್ಕೇ ಕಲ್ಲು, ಅದರಲ್ಲಿ ಅದೊಂದು. ಹನ್ನೆರಡು ವರ್ಷದ ಹಿಂದೆ ನಮ್ಮ ಅತ್ತೆಯೇ ಹಾರೆಗೆ ಕೈ ಹಚ್ಚಿ ಮಗುಚಿದ್ದರು, ಕಾವಲಿನವರೇ ಮೊದಲು ಕೈ ಹಚ್ಚಬೇಕು. ಆವತ್ತಿನಿಂದ ಚೆಲುವಾಜಕ್ಕ ಮಸಣದ ಒಳಗೆ ಕಾಲಿಟ್ಟಿರಲಿಲ್ಲ. ಮಜ್ಜಿಗೆ ಕೊಡುವಾಗಲೂ ಕಣ್ಣನ್ನು ಕೆಳಗೆ ಇಳಿಸುತ್ತಿರಲಿಲ್ಲ. ಅವಳ ಬಾಯಲ್ಲಿ ಅಣ್ಣ ಎಂಬ ಶಬ್ದವನ್ನೇ ನಾನು ಕೇಳಿರಲಿಲ್ಲ.

ಎರಡನೇ ಮಳೆಗಾಲವೂ ಬರಿದಾಯಿತು. ಮೂರನೆಯದು ಹಿಡಿದಾಗ ನಾನು ದಿನ ಎಣಿಸತೊಡಗಿದೆ. ಈ ಸಲ ಬಾರದಿದ್ದರೆ ಹಾರೆಗೆ ಕೈ ಹಚ್ಚಬೇಕಾದವಳು ನಾನು. ಆಮೇಲೆ ನಾನು ಸಾಯುವವರೆಗೆ ಅತ್ತೆ ಎಂಬ ಮಾತೇ ಇಲ್ಲ. ಹದಿನಾರು ವರ್ಷ ನನ್ನ ಜೀವ ಹಿಂಡಿದ ಹೆಂಗಸು ಹುಟ್ಟಿಯೇ ಇರಲಿಲ್ಲ ಅನ್ನುವ ಹಾಗೆ ನಾನು ಬದನೆಕಾಯಿ ಮಾತಾಡಿಕೊಂಡು ಬದುಕಬೇಕು.

ಒಂದು ತಪ್ಪು ಮಾಡಿದೆ, ಹೇಳಿಬಿಡುತ್ತೇನೆ. ಹಸ್ತ ಮಳೆಯಲ್ಲಿ, ಯಾರೂ ಇಲ್ಲದ ಮಧ್ಯಾಹ್ನ ನೋಡಿ, ಮೂಲೆಯಿಂದ ಒಂದು ತುಂಬೆ ಸಸಿ ಕಿತ್ತು ತಂದು ಅತ್ತೆಯ ಗುಡ್ಡೆಯಲ್ಲಿ ನೆಟ್ಟೆ. ಕಾವಲಿನವಳೇ ಕಳವು ಮಾಡಿದೆ.  ಒಂಬತ್ತು ದಿನ ನಿಂತರೆ ಸಾಕು, ದೇವರೇ, ಕೂಗಿಬಿಡುತ್ತೇನೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಎಂದಿನಂತೆ ಹೋಗಿ ಗುಡಿಸಿದೆ, ತಿಕ್ಕಿದೆ, ತೊಳೆದೆ. ಮನೆಗೆ ಬಂದು ಕಸ ಸುರಿಯುವಾಗ ನೋಡಿದರೆ ಮೊರದಲ್ಲಿ ತುಂಬೆ ಸಸಿ ಬಾಡಿಕೊಂಡು ಬಿದ್ದಿದೆ. ನನ್ನ ಕೈಯೇ ಕಿತ್ತು ಹಾಕಿತ್ತು. ಕೈಗೆ ಅಷ್ಟು ಅಭ್ಯಾಸವಾಗಿತ್ತು. ನಾನು ಮೊರ ಹಿಡಿದುಕೊಂಡು ನಕ್ಕೆ, ಆಮೇಲೆ ಅಳು ಬಂತು. ಕಳ್ಳತನ ಅತ್ತೆಗೆ ಇಷ್ಟವಾಗಲಿಲ್ಲ, ಅದಕ್ಕೇ ನನ್ನ ಕೈಯಿಂದಲೇ ಕೀಳಿಸಿದರು ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚನೆ ನನ್ನ ಮಂಡೆಗೆ ಹೋಗಲಿಲ್ಲ.

ವಿಶಾಖ ಮಳೆ ಮುಗಿದ ಮೂರನೇ ದಿನ ಬೆಳಿಗ್ಗೆ ಊರ ಯಜಮಾನರಾದ ಕಪನಯ್ಯ ಹಾರೆ ಹಿಡಿದು ಬಂದರು. ಜೊತೆಗೆ ಕಲ್ಲು ಎತ್ತಲು ಇಬ್ಬರು. ಕಪನಯ್ಯ ಒಳ್ಳೆಯವರು, ಬಾಯಿ ಬಿಡುವ ಮೊದಲೇ ಅವರ ಕಣ್ಣಲ್ಲಿ ನೀರಿತ್ತು.

"ಮನಸ್ಸು ಗಟ್ಟಿ ಮಾಡ್ಕೊ ಕಣವ್ವ ನಿಂಗಾಜಿ. ಕಟ್ಟಳೆ ಎಲ್ರಿಗೂ ಒಂದೇ," ಎಂದರು.

"ಇನ್ನೊಂದು ಎಂಟು ದಿನ ಬಿಡಿ ಅಯ್ಯ."

"ಎಂಟು ದಿನ ಬಿಟ್ರೆ ಏನವ್ವ ಬಂದಾತು? ಮೂರು ಮಳೆಗಾಲದಲ್ಲಿ ಒಂದು ಗರಿಕೆ ಹುಟ್ಲಿಲ್ಲ."

ಗೋಡೆಯ ಮೇಲಿಂದ ಚೆಲುವಾಜಕ್ಕನ ಮುಖ ಕಾಣಿಸಿತು. ಕೈಯಲ್ಲಿ ಮಜ್ಜಿಗೆ ಲೋಟವಿತ್ತು, ಆದರೆ ಚಾಚಲಿಲ್ಲ. ಕಪನಯ್ಯ ಹಾರೆಯನ್ನು ಎಲ್ಲಿ ಕೊಡಬೇಕು ಎಂದು ನೋಡಲು ಕಲ್ಲಿನ ಮುಂದೆ ಕುಕ್ಕರು ಕೂತರು. ಬೆರಳಿನಿಂದ ಸವರಿದರು. "ಇದೇನವ್ವ ಇಲ್ಲಿ, ಸುಣ್ಣ ಚೆಲ್ಲಿದ್ಯಾ?"

ನನಗೆ ಎಲ್ಲಿಲ್ಲದ ನಾಚಿಕೆಯಾಯಿತು. ಇಂಥ ಹೊತ್ತಿನಲ್ಲೂ ಅತ್ತೆಯ ಕಲ್ಲು ಕೊಳೆಯಾಗಿದೆ ಎಂದು ನಾಲ್ಕು ಜನ ಅನ್ನುವುದೆಂದರೆ! "ಅಯ್ಯೋ, ಅದೊಂದು ಹಾಳು ಕಲೆ ಕಣಯ್ಯ," ಎಂದೆ. "ನಾನೇನು ತೊಳೀದೆ ಬಿಟ್ಟಿಲ್ಲ. ಮೂರು ವರ್ಷದಿಂದ ದಿನಾ ತಿಕ್ತಾ ಇದೀನಿ. ಎಷ್ಟು ತಿಕ್ಕಿದ್ರೂ ಮತ್ತೆ ಬರ್ತದೆ."

ಕಪನಯ್ಯ ತಲೆ ಎತ್ತಿ ನನ್ನನ್ನು ನೋಡಿದರು. "ಏನಂದೆ?"

"ಮತ್ತೆ ಬರ್ತದೆ ಅಂದೆ."

ಆಗ ನನ್ನ ಮಾತು ನನ್ನ ಕಿವಿಗೇ ಬಿತ್ತು. ಅಲ್ಲೇ ಕೂತುಬಿಟ್ಟೆ.  ಕಪನಯ್ಯ ಹಾರೆಯನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿದರು. ಅಷ್ಟರಲ್ಲಿ ಬಾಗಿಲ ಕಡೆಯಿಂದ ಯಾರೋ ಬಂದ ಸದ್ದಾಯಿತು. ಹನ್ನೆರಡು ವರ್ಷದಿಂದ ಒಳಗೆ ಬಾರದ ಚೆಲುವಾಜಕ್ಕ ಲೋಟ ಹಿಡಿದುಕೊಂಡೇ ಬಂದಿದ್ದಳು. ಕಲ್ಲಿನ ಹತ್ತಿರ ಬಗ್ಗಿ, ಬೂದಿ ಬಣ್ಣದ ಆ ಕಲೆಯ ಅಂಚನ್ನು ಉಗುರಿನಿಂದ ಮೀಟಿ, ಮೂಸಿದಳು.

"ಕಲ್ಲುಹೂವು ಕಣೇ ಇದು. ಮಸಾಲೆಗೆ ಹಾಕ್ತೀವಲ್ಲ, ಅದು. ಹಸೀದು."

ಅಂಗಡಿಯ ಪೊಟ್ಟಣದಲ್ಲಿ ಒಣಗಿ ಮುರುಟಿದ ಕಲ್ಲುಹೂವನ್ನು ನಾನು ಸಾವಿರ ಸಲ ಹುರಿದಿದ್ದೇನೆ. ಅದು ಕಲ್ಲಿಗೆ ಅಂಟಿ ಬದುಕಿರುವುದನ್ನು ನೋಡಿರಲಿಲ್ಲ. ನಮ್ಮ ಮಸಣದಲ್ಲಿ ನೋಡುವುದಾದರೂ ಹೇಗೆ? ಅತ್ತೆ ಬಿಟ್ಟಿದ್ದರೆ ತಾನೇ.

"ಒಂಬತ್ತು ದಿನ ಕೈ ಹಚ್ಚಬೇಡ," ಎಂದರು ಕಪನಯ್ಯ. "ನಿಂತ್ರೆ ಕೂಗು." ಆಳುಗಳನ್ನು ಕರೆದುಕೊಂಡು ಹೊರಟುಹೋದರು.

ಚೆಲುವಾಜಕ್ಕ ಹೋಗಲಿಲ್ಲ. ಅವಳು ಗೋಡೆಯ ಬುಡದ ನಾಲ್ಕು ಕಲ್ಲುಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಆ ಕಲ್ಲಿನ ಮೇಲೂ ಇಂಥದ್ದು ಇತ್ತಾ ನಿಂಗಾಜಿ?"

ಇತ್ತು. ಅವಳು ಕೇಳಿದ ಕೂಡಲೇ ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಅವಳ ಅಣ್ಣನ ಕಲ್ಲಿನ ನೆತ್ತಿಯ ಮೇಲೆ ಅಂಗೈಯಗಲ ಬೂದಿ ಬಣ್ಣದ ಸುತ್ತು. ಅತ್ತೆ ಅದನ್ನು ಕಂಡು, "ಇದೆಂಥ ಕಜ್ಜಿ ಹತ್ತೈತೆ ಈ ಕಲ್ಲಿಗೆ," ಎಂದು ಎರಡು ಕೈಯಲ್ಲಿ ನಾರು ಹಿಡಿದು ತಿಕ್ಕಿದ್ದು. ವಾರ ವಾರವೂ ಅದು ಬಂದದ್ದು, ವಾರ ವಾರವೂ ಅವರು ತಿಕ್ಕಿದ್ದು. ನಾನು ನೀರು ಹೊಯ್ದದ್ದು. ಬೂದಿ ಬಣ್ಣದ ನೀರು ಮಣ್ಣಿಗೆ ಇಳಿದು ಹೋದದ್ದು.

"ಗೊತ್ತಿಲ್ಲಕ್ಕ," ಎಂದೆ. "ನೆನಪಿಲ್ಲ."

ಅವಳು ಮಜ್ಜಿಗೆ ಲೋಟವನ್ನು ನನ್ನ ಕೈಗೆ ಕೊಟ್ಟು ಹೋದಳು.

ಆ ಒಂಬತ್ತು ದಿನ ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ ಎಂದರೂ ಸರಿಯೇ. ಬೆಳಿಗ್ಗೆ ಪೊರಕೆ ಕಂಡರೆ ಕೈ ತಾನಾಗಿ ಹೋಗುತ್ತಿತ್ತು. ಪೊರಕೆಯನ್ನು ಅಟ್ಟಕ್ಕೆ ಎಸೆದೆ. ಮಾಡಲು ಕೆಲಸವಿಲ್ಲದೆ ಗುಡ್ಡೆಯ ಪಕ್ಕ ಕೂತು ನೋಡಿದೆ. ಮೂರು ವರ್ಷ ದಿನಾ ಬಂದಿದ್ದೆ, ಆದರೆ ಕೂತು ನೋಡಿರಲಿಲ್ಲ. ಮೂರನೇ ದಿನಕ್ಕೆ ಗುಡ್ಡೆಯ ಅಂಚಿನಲ್ಲಿ ಸೂಜಿಯ ಮೊನೆಯಂತೆ ಗರಿಕೆ ಎದ್ದಿತು. ಹಾವುರಾಣಿಯೊಂದು ಬಂದು ಕಲ್ಲಿನ ಬುಡದಲ್ಲಿ ಬಿಸಿಲು ಕಾಯಿಸಿ ಹೋಯಿತು. ನೆಗ್ಗಿಲಿನ ಒಂದು ಕುಡಿ ಆ ಕಡೆಯಿಂದ ಮಣ್ಣು ದಾಟಿ ತಾಯಿಯ ಗುಡ್ಡೆಯ ಕಡೆಗೆ ಹೊರಳಿತ್ತು. ಇಷ್ಟೆಲ್ಲ ಜೀವ ಬಾಗಿಲಲ್ಲೇ ಕಾದು ನಿಂತಿತ್ತು, ನಾನು ದಿನ ಬೆಳಗಾದರೆ ಹೊರಗೆ ಹಾಕುತ್ತಿದ್ದೆ. ಕಲ್ಲುಹೂವು ಮಾತ್ರ ಅವಸರ ಮಾಡಲಿಲ್ಲ. ದಿನಕ್ಕೆ ಒಂದು ಕೂದಲಿನಷ್ಟು ಹಿಗ್ಗುತ್ತಾ, ಅಂಚು ಮಡಿಸಿಕೊಳ್ಳುತ್ತಾ, ಜುಗ್ಗತನದಿಂದ ಬಂತು. ಸಾವಿರ ಸಲ ಉಜ್ಜಿ ಹಾಕಿದರೂ ಅವರು ಮತ್ತೆ ಬಂದಿದ್ದರು, ಸಾವಿರ ಸಲ. ನಾನು ಕಲ್ಲಿಗೆ ಹಣೆ ಹಚ್ಚಿ, "ತಪ್ಪಾಯ್ತು, ತಪ್ಪಾಯ್ತು," ಎಂದು ಅತ್ತುಬಿಟ್ಟೆ.

ಗೋಡೆಯ ಮೇಲಿಂದ ಮಜ್ಜಿಗೆ ಬರಲಿಲ್ಲ. ಒಂಬತ್ತು ದಿನವೂ ಬರಲಿಲ್ಲ. ನಾನು ಸುಳ್ಳು ಹೇಳಿದ್ದು ಅವಳಿಗೆ ತಿಳಿದಿರಬಹುದು, ತಿಳಿಯದೆಯೂ ಇರಬಹುದು. ನಿಜ ಹೇಳಿದರೆ ನಮ್ಮ ಅತ್ತೆಯ ಹೆಸರು ಊರ ಬಾಯಿಗೆ ಬರುವ ಮೊದಲ ದಿನವೇ ಮಸಿಯಾಗುತ್ತದೆ. ಇರುವ ಒಬ್ಬ ನೆರೆಯವಳೂ ಹೋಗುತ್ತಾಳೆ. ಸುಮ್ಮನಿದ್ದರೆ ಎಲ್ಲವೂ ಸರಿಯಾಗಿರುತ್ತದೆ, ಬೋರಲು ಬಿದ್ದ ಆ ನಾಲ್ಕು ಜನರನ್ನು ಬಿಟ್ಟು.

ಹತ್ತನೇ ದಿನ ಬೆಳಿಗ್ಗೆ ಸ್ನಾನ ಮಾಡಿ, ತೊಳೆದ ಸೀರೆ ಉಟ್ಟು, ಮಸಣದ ಬಾಗಿಲಲ್ಲಿ ನಿಂತೆ. ಆಗ ನನಗೊಂದು ಹೊಸ ಸಂಕಟ ಹತ್ತಿಕೊಂಡಿತು. ಮದುವೆಯಾಗಿ ಬಂದಾಗಿನಿಂದ ನಾನು ಅವರ ಹೆಸರು ಹೇಳಿದವಳೇ ಅಲ್ಲ. ಅತ್ತೆಯ ಹೆಸರು ಹಿಡಿದು ಯಾವ ಸೊಸೆ ಕರೆಯುತ್ತಾಳೆ? ಬಾಯಿ ತೆರೆದರೆ ಬಂದದ್ದು, "ಅತ್ತೇ!" ಎಂದು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ನಾನು ಕಣ್ಣು ಮುಚ್ಚಿ ಕೂಗಿದೆ.

"ದುಂಡಮ್ಮಾ!"

ಕಡ್ಡಿಯಂತಿದ್ದ ಹೆಂಗಸಿಗೆ ಯಾವ ಪುಣ್ಯಾತ್ಮ ಆ ಹೆಸರಿಟ್ಟನೋ. ಎರಡನೆಯ ಸಲ ಕೂಗಿದೆ, ಮೂರನೆಯ ಸಲ ಕೂಗಿದೆ.  ಆಮೇಲೆ ಚಾಪೆ ಹಾಸಿ ಕೂತೆ.

ಮೂರು ವರ್ಷ ಸಣ್ಣ ಕಾಲವಲ್ಲ. ಅತ್ತೆಯ ಓರಗೆಯವರು ಅಷ್ಟರಲ್ಲಿ ಹೋಗಿಯಾಗಿತ್ತು. ಬಂದವರು ಐದೇ ಜನ. "ಒಳ್ಳೆ ಹೆಂಗಸು," ಎಂದರು ಒಬ್ಬರು. "ಕೈ ಬಹಳ ಚೊಕ್ಕಟ," ಎಂದರು ಇನ್ನೊಬ್ಬರು. ಕಪನಯ್ಯ ಕೈ ಮುಗಿದು, "ಪುಣ್ಯಾತ್ಗಿತ್ತಿ," ಎಂದು, ಸೊಂಟ ನೋವು ಎಂದು ಬೇಗ ಎದ್ದರು. ಯಾರಿಗೂ ಒಂದು ಕಥೆ ನೆನಪಿರಲಿಲ್ಲ. ಮೂರು ವರ್ಷ ಅದುಮಿಟ್ಟ ಮಾತು ಒಳಗೇ ಒಣಗಿಹೋಗಿತ್ತು. ಬಿಸಿಲು ಏರುವ ಹೊತ್ತಿಗೆ ಚಾಪೆಯ ಮೇಲೆ ನಾನೊಬ್ಬಳೇ ಉಳಿದೆ. ಇಷ್ಟಕ್ಕೇನಾ ಅವರು ಸಾವಿರ ಸಲ ಬಂದದ್ದು ಎಂದುಕೊಂಡೆ.

ಕೊನೆಗೆ ಚೆಲುವಾಜಕ್ಕ ಬಂದಳು. ಬಾಗಿಲ ಹೊರಗೇ ನಿಂತು, ಕಟ್ಟಳೆಗೆ ಬಂದವಳಂತೆ ಒಂದೇ ಉಸಿರಿನಲ್ಲಿ ಹೇಳಿದಳು: "ದೊಡ್ಡ ಮನಸ್ಸಿನ ಹೆಂಗಸು. ಯಾರಿಗೂ ಕೇಡು ಬಯಸಿದವಳಲ್ಲ. ದೇವರಂಥವಳು." ಹೇಳಿ ತಿರುಗಿದಳು.

ಅದನ್ನು ನನಗೆ ತಡೆಯಲಾಗಲಿಲ್ಲ. ದೇವರಂಥವಳು ಯಾರು? ನಮ್ಮ ಅತ್ತೆಯೇ? ಬಂದವರೆಲ್ಲ ಹೇಳಿದ್ದು ಯಾರ ಬಗ್ಗೆ ಬೇಕಾದರೂ ಇರಬಹುದಿತ್ತು. ಯಾವ ಸತ್ತವರಿಗೆ ಬೇಕಾದರೂ ಹೊದಿಸಬಹುದಾದ ಬಿಳಿ ಬಟ್ಟೆ ಅದು. ಅದರ ಕೆಳಗೆ ನಮ್ಮ ಅತ್ತೆ ಇರಲೇ ಇಲ್ಲ.

"ಅಕ್ಕ, ನಿಲ್ಲು," ಎಂದೆ. "ಇತ್ತು. ನಿಮ್ಮಣ್ಣನ ಕಲ್ಲಿನ ಮೇಲೂ ಇತ್ತು. ಅಂಗೈಯಗಲ ಇತ್ತು. ನಮ್ಮತ್ತೆ ವಾರ ವಾರ ತಿಕ್ಕಿದ್ರು. ನಾನೇ ನೀರು ಹೊಯ್ದೆ."

ಚೆಲುವಾಜಕ್ಕ ತಿರುಗಿ, ಹೊಸಿಲು ದಾಟಿ ಒಳಗೆ ಬಂದಳು. ನನಗೆ ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ.

"ದುಂಡಮ್ಮ!" ಎಂದು ಕಿರುಚಿದಳು, ಅತ್ತೆಯ ಕಲ್ಲಿನ ಕಡೆ ಕೈ ಚಾಚಿ. "ಲೇ ದುಂಡಮ್ಮ! ನಿನ್ನ ಕೈ ಸೇದೋಗ! ನಿನ್ನ ಬಾಯಿಗೆ ಮಣ್ಣಾಕ! ಮಣ್ಣಾಗಿ ಮೂರು ವರ್ಷ ಆಯ್ತಲ್ಲ, ಇನ್ನೆಲ್ಲಿ ಹಾಕ್ಲಿ! ನಮ್ಮ ಲಕ್ಕಣ್ಣ ಬಂದಿದ್ನಲ್ಲೇ! ನಮ್ಮಣ್ಣ ಲಕ್ಕಣ್ಣ ಬಂದಿದ್ನಲ್ಲೇ ರಂಡೆ! ಮನೆಗೆ ಬಂದವನ್ನ ತಿಕ್ಕಿ ಹಾಕ್ದಲ್ಲೇ!"

ಅವನು ಮಣ್ಣಾದ ಮೇಲೆ ಮೊದಲ ಬಾರಿಗೆ ಆ ಹೆಸರು ಮಸಣದಲ್ಲಿ ಕೇಳಿತು. ಅವಳು ಎದೆ ಎದೆ ಬಡಿದುಕೊಂಡು ಲಕ್ಕಣ್ಣನ ಹೆಸರನ್ನೂ ದುಂಡಮ್ಮನ ಹೆಸರನ್ನೂ ಒಟ್ಟೊಟ್ಟಿಗೆ ಕೂಗಿದಳು. ಓತಿಕೇತ ದರ್ಜಿ ಕಲ್ಲಿನಿಂದ ಇಳಿದು ಓಡಿಹೋದ. ನಾನು ಅವಳ ಕಾಲ ಬಳಿ ಕೂತು ಅಳುತ್ತಿದ್ದೆ. ಹೆದರಿ ಅಲ್ಲ, ನಾಚಿ ಅಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಬಾಯಲ್ಲಿ ನಮ್ಮ ಅತ್ತೆ, ಸಾಕ್ಷಾತ್ ನಮ್ಮ ಅತ್ತೆ, ಎದ್ದು ಬಂದಿದ್ದರು.

"ಬೈಯಿ ಅಕ್ಕ," ಎಂದೆ. "ಇನ್ನೂ ಬೈಯಿ."

"ಬೈಯ್ದೆ ಬಿಡ್ತೀನಾ? ಅವಳ ಚೊಕ್ಕಟಕ್ಕೆ ಬೆಂಕಿ ಬೀಳ! ನಮ್ಮನೆಗೆ ಅರಿಸಿನ ಕುಂಕುಮಕ್ಕೆ ಬಂದು, ನನ್ನ ಒಲೆ ಕಟ್ಟೆ ಮೇಲೆ ಬೆರಳು ಎಳೆದು, ಆ ಬೆರಳನ್ನ ನನ್ನ ಬೀಗಿತ್ತಿಗೆ ತೋರಿಸ್ದೋಳು ಅವಳು!"

"ನನ್ನ ಮದುವೆ ಮಾರನೆ ದಿನ ನನ್ನ ಕಾಲಿನ ಹಿಮ್ಮಡಿ ಎತ್ತಿ ನೋಡಿದ್ರು," ಎಂದೆ ನಾನು.

"ನೋಡಿರ್ತಾಳೆ! ನೋಡಿರ್ತಾಳೆ ದುಂಡಮ್ಮ! ಮೈಲಿಗೆ ಅಂತ ಮಳೆ ನೀರನ್ನೇ ಸೋಸಿ ಕುಡೀತಿದ್ದ ಮೂಳಿ! ನನಗೆ ಜ್ವರ ಬಂದು ಮಲಗಿದ್ದಾಗ ಗಂಜಿ ತರ್ತೀನಿ ಅಂತ ಬಂದು, ಮೊದಲು ನನ್ನ ಹಾಸಿಗೆ ಒಗೆಯೋಕೆ ತಗೊಂಡು ಹೋದ್ಲು. ನೆಲದ ಮೇಲೆ ಮಲಗಿದ್ದೆ ಕಣೇ, ನಡುಗ್ತಾ! ಗಂಜಿ ಆಮೇಲೆ ಬಂತು. ಮೂರು ದಿನ ತಂದ್ಲು. ದರಿದ್ರದೋಳು." ಎಂದು ಅವಳು ಮೂಗು ಸೀಟಿ, ಮತ್ತೆ ಸುಧಾರಿಸಿಕೊಂಡಳು. "ನಾಳೆ ಹಾರೆ ತರ್ತೀನಿ. ನಮ್ಮ ಲಕ್ಕಣ್ಣನ ಕಲ್ಲು ನೀನೇ ಎತ್ತಿ ನಿಲ್ಲಿಸ್ಬೇಕು. ನಾಲ್ಕೂ ನಿಲ್ಲಿಸ್ಬೇಕು. ಒಂದಕ್ಕೂ ನೀರು ಮುಟ್ಟಿಸ್ಕೂಡದು."

"ಮುಟ್ಟಿಸಲ್ಲ ಅಕ್ಕ."

"ಕುಡಿಯೋಕೆ ನೀರು ಕೊಡು ಈಗ. ಗಂಟ್ಲು ಹರಿದುಹೋಯ್ತು ನಿಮ್ಮತ್ತೆಯಿಂದ."

ಓಡಿಹೋಗಿ ಚೊಂಬು ತಂದುಕೊಟ್ಟೆ. ಅವಳು ಚಾಪೆಯ ಒಂದು ತುದಿಯಲ್ಲಿ ಕೂತು, ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು. ಅವಳ ಕಣ್ಣು ಇನ್ನೂ ಕೆಂಡವಾಗಿತ್ತು. "ಇನ್ನೊಂದು ಐತೆ, ಕೇಳು," ಎಂದಳು. "ಆ ದುಂಡಮ್ಮ ಒಂದ್ಸಲ ಏನು ಮಾಡಿದ್ಲು ಅಂದ್ರೆ..."

ನಾನು ಕೂತಲ್ಲಿಂದಲೇ ತೆವಳಿಕೊಂಡು ಅವಳ ಮಗ್ಗುಲಿಗೆ ಹೋದೆ, ಒಂದು ಮಾತೂ ತಪ್ಪಿಹೋಗದ ಹಾಗೆ.